ಶೂಟರ್ ಆಟಗಳಲ್ಲಿ ಎಕ್ಸ್‌ಪಿ ಬೂಸ್ಟ್ ಮಾರಾಟ ಮತ್ತು ಸ್ಪರ್ಧಾನ್ಯಾಯ

ಅಂತರ್ಜಾಲದ ಮೂಲಕ ಅನೇಕರು ಒಂದೇ ರಣಾಂಗಣದಲ್ಲಿ ಕೂಡಿ ಆಡುವ ಶೂಟರ್ ವಿಡಿಯೊ ಗೇಮುಗಳಲ್ಲಿ, ಆಟಗಾರನು ಗಳಿಸುವ ಅನುಭವಾಂಕಗಳನ್ನು, ಎಂದರೆ ಆಡುವವರ ಮಾತಿನಲ್ಲಿ ಎಕ್ಸ್‌ಪಿಯನ್ನು, ಒಂದು ನಿಯತ ಅವಧಿಯವರೆಗೆ ಒಂದೂವರೆ ಪಟ್ಟೋ ಇಮ್ಮಡಿಯೋ ಆಗಿ ಹೆಚ್ಚಿಸಿಕೊಡುವ ಸೌಲಭ್ಯಕ್ಕೆ ಎಕ್ಸ್‌ಪಿ ಬೂಸ್ಟ್ ಎಂದು ಹೆಸರು. ಆಟದಲ್ಲಿಯೇ ಬಹುಮಾನವಾಗಿ ದೊರೆಯುವ ಬೂಸ್ಟುಗಳೂ ಉಂಟು. ಹಣಕ್ಕೆ ದೊರೆಯುವ ಬೂಸ್ಟುಗಳೂ, ಅವುಗಳಿಂದ ಸ್ಪರ್ಧೆಯ ನ್ಯಾಯಕ್ಕೆ ಒದಗಿದ ಪ್ರಶ್ನೆಗಳೂ ಈ ಲೇಖನದ ವಿಷಯ. ಬೂಸ್ಟ್ ಕೊಂಡವನ ಗುಂಡು ಹೆಚ್ಚು ಬಲವಾಗಿ ತಾಗುವುದಿಲ್ಲ, ಅವನ ಗುರಿ ಹೆಚ್ಚು ನೆಟ್ಟಗಾಗುವುದಿಲ್ಲ. ಅವನಿಗೆ ದೊರೆಯುವುದು ವೇಗವೊಂದೇ. ಆದರೆ ಆ ವೇಗವು ಅವನನ್ನು ಎಲ್ಲಿಗೆ ಕೊಂಡೊಯ್ಯುತ್ತದೆ, ಆ ದಾರಿಯನ್ನು ಅಷ್ಟು ನೀಳವಾಗಿ ಎಳೆದವರು ಯಾರು, ಎಂಬೆರಡು ಪ್ರಶ್ನೆಗಳಿಗೆ ದೊರೆಯುವ ಉತ್ತರವನ್ನು ಅನುಸರಿಸಿ, ಅದೇ ಬೂಸ್ಟು ಒಂದು ಆಟದಲ್ಲಿ ನಿರಪಾಯವಾದ ಅನುಕೂಲವೂ ಮತ್ತೊಂದರಲ್ಲಿ ಸ್ಪರ್ಧೆಯ ಬುಡವನ್ನೇ ಕೊರೆಯುವ ಅನ್ಯಾಯವೂ ಆಗಬಲ್ಲದು.

ಎಕ್ಸ್‌ಪಿಯ ಮೂಲ

ಆಡಿದಷ್ಟೂ ಅಂಕಗಳನ್ನು ಸೇರಿಸಿಕೊಂಡು ಮಟ್ಟದಿಂದ ಮಟ್ಟಕ್ಕೆ ಏರುವ ಪದ್ಧತಿಯು ಶೂಟರ್ ಆಟಗಳಲ್ಲಿ ಹುಟ್ಟಿದುದಲ್ಲ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟದಿಂದ ಅದು ಪ್ರಸಿದ್ಧಿಗೆ ಬಂದಿತು. ಅಲ್ಲಿ ಆಟಗಾರರು ಪರಸ್ಪರ ಶತ್ರುಗಳಲ್ಲ. ಸೂತ್ರಧಾರನು ಕಲ್ಪಿಸಿದ ರಾಕ್ಷಸರನ್ನು ಜೊತೆಗೂಡಿ ಎದುರಿಸುವ ಸಂಗಡಿಗರು. ಒಬ್ಬನು ಮೇಲಿನ ಮಟ್ಟಕ್ಕೆ ಏರಿದರೆ ಅದರ ಲಾಭವು ಇಡೀ ತಂಡಕ್ಕೆ ಸಲ್ಲುತ್ತಿದ್ದುದರಿಂದ, ಅಂಕಗಳ ಅಸಮತೆಯನ್ನು ಅನ್ಯಾಯವೆನ್ನಲು ಅಲ್ಲಿ ಆಸ್ಪದವಿರಲಿಲ್ಲ.

ಶೂಟರ್ ಆಟಗಳ ಸಂಪ್ರದಾಯವು ಇದಕ್ಕಿಂತ ತೀರ ಬೇರೆಯಾಗಿತ್ತು. 1993ರ ಡೂಮ್, 1996ರ ಕ್ವೇಕ್ ಮುಂತಾದವುಗಳಲ್ಲಿ ಎಲ್ಲರೂ ಒಂದೇ ಬಗೆಯ ಆಯುಧದೊಡನೆ ಕಣಕ್ಕಿಳಿಯುತ್ತಿದ್ದರು. ಹೆಚ್ಚು ಬಲದ ಬಂದೂಕುಗಳು ರಣಾಂಗಣದ ಗೊತ್ತಾದ ಸ್ಥಳಗಳಲ್ಲಿ ಬಿದ್ದಿರುತ್ತಿದ್ದು, ಅವು ಮೊದಲು ತಲುಪಿದವನ ಪಾಲಾಗುತ್ತಿದ್ದವು. ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು 1999ರಲ್ಲಿ ಹವ್ಯಾಸಕ್ಕಾಗಿ ರಚಿಸಿ, ಮರುವರ್ಷ ವಾಲ್ವ್ ಸಂಸ್ಥೆಯ ಮೂಲಕ ಮಾರುಕಟ್ಟೆಗೆ ಬಂದ ಕೌಂಟರ್-ಸ್ಟ್ರೈಕ್ ಆಟದಲ್ಲಿ ಹಣದ ವ್ಯವಹಾರವಿತ್ತಾದರೂ ಅದು ಆಟದೊಳಗಿನ ಹಣ. ಆ ಆಟದ ಇತ್ತೀಚಿನ ರೂಪಗಳಲ್ಲಿ ಪಂದ್ಯವು ಆರಂಭವಾಗುವಾಗ ಪ್ರತಿಯೊಬ್ಬನ ಕೈಯಲ್ಲಿಯೂ 800 ಡಾಲರುಗಳಷ್ಟೇ ಇರುತ್ತವೆ. 2,700 ಡಾಲರುಗಳ ಎಕೆ-47 ಬೇಕಾದರೂ 4,750 ಡಾಲರುಗಳ ದೂರಗುರಿಯ ಎಡಬ್ಲ್ಯುಪಿ ಬೇಕಾದರೂ ಸುತ್ತುಗಳಲ್ಲಿ ಸೆಣಸಿ ಗಳಿಸಿಯೇ ಕೊಳ್ಳಬೇಕು. ಪಂದ್ಯದ ಅರ್ಧವು ಮುಗಿದು ಪಕ್ಷಗಳು ಅದಲುಬದಲಾದೊಡನೆ ಎಲ್ಲರ ಲೆಕ್ಕವೂ ಮೊದಲಿನಿಂದ ಆರಂಭವಾಗುತ್ತದೆ. ನಿನ್ನೆ ಆಡತೊಡಗಿದವನಿಗೂ ಹತ್ತು ವರ್ಷಗಳಿಂದ ಆಡುತ್ತಿರುವವನಿಗೂ ನಡುವೆ ಇರುವ ಅಂತರವು ಕೈಚಳಕದ್ದೂ ವಿವೇಕದ್ದೂ ಆಗಿರಬೇಕೇ ಹೊರತು ಆಯುಧದ್ದಾಗಿರಬಾರದೆಂಬುದು ಈ ಪರಂಪರೆಯ ಮೂಲತತ್ತ್ವ.

ಈ ಎರಡು ಪ್ರವಾಹಗಳೂ ಒಂದಾದುದು ಈ ಶತಮಾನದ ಮೊದಲ ದಶಕದಲ್ಲಿ. 2005ರ ಬ್ಯಾಟಲ್‌ಫೀಲ್ಡ್ 2 ಆಟವು ಪದವಿ ಏರಿದವರಿಗೆ ಹೊಸ ಬಂದೂಕುಗಳನ್ನು ತೆರೆದುಕೊಟ್ಟಿತು. 2007ರ ಕಾಲ್ ಆಫ್ ಡ್ಯೂಟಿ 4: ಮಾಡರ್ನ್ ವಾರ್‌ಫೇರ್ ಈ ಕ್ರಮವನ್ನು 55 ಮಟ್ಟಗಳ ಏಣಿಯಾಗಿ ಕಟ್ಟಿತು. ತನಗೆ ಬೇಕಾದ ಆಯುಧಗಳನ್ನು ತಾನೇ ಆರಿಸಿಕೊಳ್ಳುವ ಅಧಿಕಾರವು ಅಲ್ಲಿ ನಾಲ್ಕನೆಯ ಮಟ್ಟದಲ್ಲಿ ದೊರೆಯುತ್ತಿತ್ತು. ಬಳಿಕ ಬಂದೂಕುಗಳು, ಅವುಗಳ ಉಪಕರಣಗಳು, ಪರ್ಕ್ ಎಂದು ಕರೆಯುವ ವಿಶೇಷ ಗುಣಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಜನರು ಇದನ್ನು ಅಪಾರವಾಗಿ ಮೆಚ್ಚಿದರು. ಸೋತ ಪಂದ್ಯದಲ್ಲಿಯೂ ಏನೋ ಒಂದಿಷ್ಟು ಕೂಡಿಬಂದಿತೆಂಬ ತೃಪ್ತಿಯು ಆಟಗಾರನನ್ನು ಮತ್ತೆ ಮತ್ತೆ ಕರೆದುತಂದಿತು. ಆದರೆ ಸಮಾನಾಯುಧದ ಹಳೆಯ ನಿಯಮವು ಸಡಿಲವಾದುದೂ ಇಲ್ಲಿಯೇ. ಬೂಸ್ಟಿನ ಮಾರಾಟಕ್ಕೆ ಬಾಗಿಲು ತೆರೆದುದೂ ಇಲ್ಲಿಯೇ.

ಮಾರಾಟದ ಆರಂಭ ಮತ್ತು ವಿಸ್ತಾರ

ಆರಂಭದಲ್ಲಿ ಇಮ್ಮಡಿ ಎಕ್ಸ್‌ಪಿ ಎಂಬುದು ವಾರಾಂತ್ಯಗಳಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದ್ದ ಉತ್ಸವದ ಕೊಡುಗೆಯಾಗಿತ್ತು. ಎಲ್ಲರ ವೇಗವೂ ಒಮ್ಮೆಗೇ ಹೆಚ್ಚುತ್ತಿದ್ದುದರಿಂದ ಅದರಿಂದ ಯಾರಿಗೂ ಹಾನಿಯಾಗುತ್ತಿರಲಿಲ್ಲ. 2011ರಲ್ಲಿ ಮಾಡರ್ನ್ ವಾರ್‌ಫೇರ್ 3 ಹೊರಬಂದಾಗ ಮೌಂಟನ್ ಡ್ಯೂ ಪಾನೀಯ ಮತ್ತು ಡೊರಿಟೋಸ್ ತಿಂಡಿಯೊಡನೆ ದೊರೆಯುತ್ತಿದ್ದ ಗುಪ್ತಾಂಕಗಳನ್ನು ನಮೂದಿಸಿದವರಿಗೆ ಇಮ್ಮಡಿ ಎಕ್ಸ್‌ಪಿ ಸಿಕ್ಕಿತು. ರಣಾಂಗಣದ ಮುನ್ನಡೆಗೂ ಅಂಗಡಿಯ ವ್ಯಾಪಾರಕ್ಕೂ ಹೀಗೆ ಬಹಿರಂಗವಾದ ಸಂಬಂಧ ಏರ್ಪಟ್ಟಿತು.

ನೇರ ಮಾರಾಟವು ಹೆಚ್ಚಾಗಿ ಬೆಳೆದುದು ಪ್ರವೇಶಶುಲ್ಕವಿಲ್ಲದ ಆಟಗಳಲ್ಲಿ. ಟ್ಯಾಂಕುಗಳ ಕಾಳಗವಾದ ವರ್ಲ್ಡ್ ಆಫ್ ಟ್ಯಾಂಕ್ಸ್, ಚಂದಾ ಕೊಟ್ಟವರಿಗೆ ಪ್ರತಿ ಪಂದ್ಯದಲ್ಲಿಯೂ ಶೇಕಡ 50ರಷ್ಟು ಹೆಚ್ಚಿನ ಎಕ್ಸ್‌ಪಿಯನ್ನೂ ಆಟದ ಹಣವನ್ನೂ ನೀಡಿತು. 2012ರ ಪ್ಲಾನೆಟ್‌ಸೈಡ್ 2 ಚಂದಾದಾರರಿಗೆ ಇಂಥದೇ ವೇಗವನ್ನು ಕೊಟ್ಟುದಲ್ಲದೆ ಬೂಸ್ಟುಗಳನ್ನು ಬಿಡಿಯಾಗಿಯೂ ಮಾರಿತು. ಆಟವನ್ನು ಉಚಿತವಾಗಿ ಕೊಟ್ಟವರು ಬೇರೆಲ್ಲಿಂದಲಾದರೂ ಆದಾಯ ಪಡೆಯಲೇಬೇಕೆಂಬುದು ಇಲ್ಲಿ ಒಪ್ಪತಕ್ಕ ಸಮಾಧಾನವೇ. ಆದರೆ ಪೂರ್ಣ ಬೆಲೆ ತೆತ್ತು ಕೊಳ್ಳುವ ಆಟಗಳಿಗೂ ಈ ಪದ್ಧತಿ ಬೇಗನೆ ಹಬ್ಬಿತು. ಬ್ಯಾಟಲ್‌ಫೀಲ್ಡ್ 3 ಆಟದಲ್ಲಿ 2012ರಲ್ಲಿ ಮಾರಾಟಕ್ಕೆ ಬಂದ ಶಾರ್ಟ್‌ಕಟ್ ಕಟ್ಟುಗಳು ದಾರಿಯನ್ನು ಚುರುಕಾಗಿಸುವ ಬದಲು ದಾರಿಯನ್ನೇ ಇಲ್ಲವಾಗಿಸಿ, ಕೊಂಡವನಿಗೆ ಆಯುಧಗಳನ್ನೂ ಉಪಕರಣಗಳನ್ನೂ ತತ್‌ಕ್ಷಣ ತೆರೆದುಕೊಟ್ಟವು. ಮರುವರ್ಷದ ಬ್ಯಾಟಲ್‌ಫೀಲ್ಡ್ 4, ಬ್ಯಾಟಲ್‌ಪ್ಯಾಕ್ ಎಂಬ ಮುಚ್ಚಿದ ಪೊಟ್ಟಣಗಳಲ್ಲಿ ಇತರ ವಸ್ತುಗಳ ಜೊತೆಗೆ ಎಕ್ಸ್‌ಪಿ ಬೂಸ್ಟುಗಳನ್ನೂ ಇಟ್ಟಿತು. ತರುವಾಯ ಆ ಪೊಟ್ಟಣಗಳನ್ನೇ ಹಣಕ್ಕೆ ಮಾರಲಾಯಿತು. 2015ರ ರೇನ್‌ಬೋ ಸಿಕ್ಸ್ ಸೀಜ್ ಆಟದಲ್ಲಿ ಹೊಸದಾಗಿ ಸೇರುವ ಒಬ್ಬೊಬ್ಬ ಯೋಧನನ್ನೂ ಪಡೆಯಲು 25,000 ರಿನೌನ್ ಅಂಕಗಳು ಬೇಕಾಗುತ್ತಿದ್ದವು. ಆ ಅಂಕಗಳ ಗಳಿಕೆಯನ್ನು ಹೆಚ್ಚಿಸುವ ಬೂಸ್ಟರುಗಳು ಆಟದ ಅಂಗಡಿಯಲ್ಲಿಯೇ ಇದ್ದವು. ಫೋರ್ಟ್‌ನೈಟ್ ಆಟವು 2017ರ ಅಂತ್ಯದಲ್ಲಿ ಜನಪ್ರಿಯಗೊಳಿಸಿದ, ಆಡಿ ಮಟ್ಟಗಳನ್ನು ಏರಿದಂತೆ ಬಹುಮಾನಗಳನ್ನು ಕೊಡುವ ಬ್ಯಾಟಲ್ ಪಾಸ್ ಪದ್ಧತಿಯು ಈಗ ಬಹುತೇಕ ದೊಡ್ಡ ಶೂಟರ್ ಆಟಗಳಲ್ಲಿ ನೆಲೆಸಿದೆ. ಪಾಸಿನ ಮಟ್ಟಗಳನ್ನು ಬೇಗ ದಾಟಿಸುವ ಬೂಸ್ಟುಗಳೂ, ಮಟ್ಟಗಳನ್ನೇ ಕೊಂಡು ಹಾರಿಹೋಗುವ ಅವಕಾಶವೂ ಹಲವೆಡೆ ಅದರ ಅಂಗವಾಗಿವೆ.

ಹಣ ಪಡೆದು ಒಬ್ಬನ ಖಾತೆಯಲ್ಲಿ ಮತ್ತೊಬ್ಬ ನಿಪುಣನು ಆಡಿ ಶ್ರೇಯಾಂಕವನ್ನು ಏರಿಸಿಕೊಡುವುದಕ್ಕೂ ಬೂಸ್ಟಿಂಗ್ ಎಂದೇ ಹೆಸರುಂಟು. ಅದು ಆಟದ ನಿಯಮಗಳನ್ನು ಮುರಿಯುವ ಹೊರಗಿನವರ ದಂಧೆ. ದಕ್ಷಿಣ ಕೊರಿಯವು 2018ರಲ್ಲಿ ಶಾಸನ ಮಾಡಿ, 2019ರಿಂದ ಅದನ್ನು ದಂಡನಾರ್ಹ ಅಪರಾಧವನ್ನಾಗಿಸಿದೆ. ಇಲ್ಲಿ ವಿಚಾರಿಸುತ್ತಿರುವುದು ಆಟದ ಒಡೆಯರೇ ನಿಯಮಬದ್ಧವಾಗಿ ನಡೆಸುವ ಮಾರಾಟ.

ಬೂಸ್ಟ್ ಕೆಲಸ ಮಾಡುವ ಬಗೆ

ಬೂಸ್ಟಿನ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಒಂದು ಬಂದೂಕು ತೆರೆಯಲು 60,000 ಅಂಕಗಳು ಬೇಕು, ಹತ್ತು ನಿಮಿಷದ ಪಂದ್ಯವೊಂದಕ್ಕೆ ಸರಾಸರಿ 1,000 ಅಂಕಗಳು ಬರುತ್ತವೆ ಎಂದಿಟ್ಟುಕೊಂಡರೆ, ಬೂಸ್ಟ್ ಇಲ್ಲದವನಿಗೆ 60 ಪಂದ್ಯಗಳು, ಎಂದರೆ ಹತ್ತು ಗಂಟೆಗಳ ಆಟ ಬೇಕಾಗುತ್ತದೆ. ಇಮ್ಮಡಿ ಬೂಸ್ಟ್ ಉಳ್ಳವನಿಗೆ ಐದು ಗಂಟೆ ಸಾಕು. ಆರನೆಯ ಗಂಟೆಯಿಂದ ಹತ್ತನೆಯ ಗಂಟೆಯವರೆಗೆ ಅವನು ಆ ಬಂದೂಕನ್ನು ಹಿಡಿದು, ಅದು ಇನ್ನೂ ದೊರೆಯದವರ ಮೇಲೆ ಪ್ರಯೋಗಿಸುತ್ತಾನೆ. ಹತ್ತು ಗಂಟೆಗಳಾದ ಮೇಲೆ ಇಬ್ಬರೂ ಸಮರಾಗುತ್ತಾರೆ. ಬೂಸ್ಟಿನ ಲಾಭವು ಹೀಗೆ ತಾತ್ಕಾಲಿಕವೆಂದು ಮಾರುವವರು ಹೇಳುವುದು ಸುಳ್ಳಲ್ಲ. ಆದರೆ ಕೆಲವು ತಿಂಗಳಿಗೊಮ್ಮೆ ಹೊಸ ಋತುವೂ ಹೊಸ ಬಂದೂಕುಗಳೂ ಬರುವ ಆಟದಲ್ಲಿ ಆ ಐದು ಗಂಟೆಗಳ ಮೇಲುಗೈ ಪ್ರತಿಯೊಂದು ಋತುವಿನಲ್ಲಿಯೂ ಮರುಕಳಿಸುವುದರಿಂದ, ತಾತ್ಕಾಲಿಕವಾದುದು ಶಾಶ್ವತದ ಲಕ್ಷಣವನ್ನು ತಾಳುತ್ತದೆ.

ಬೂಸ್ಟಿನ ಅವಧಿಯನ್ನು ಅಳೆಯುವ ಕ್ರಮವೂ ಗಮನಾರ್ಹವಾದುದು. ಕೆಲವು ಆಟಗಳಲ್ಲಿ ಬೂಸ್ಟ್ ಇಂತಿಷ್ಟು ಪಂದ್ಯಗಳಿಗೆ ಸಲ್ಲುತ್ತದೆ. ಕೆಲವುಗಳಲ್ಲಿ ಗಡಿಯಾರದ ಲೆಕ್ಕದಲ್ಲಿ ಕರಗುತ್ತದೆ. ಗಡಿಯಾರದ ಬೂಸ್ಟನ್ನು ಚಾಲೂ ಮಾಡಿದವನು ಪಂದ್ಯಕ್ಕೆ ಮುನ್ನ ಲಾಬಿಯಲ್ಲಿ ಕಾಯುವ ನಿಮಿಷಗಳನ್ನೂ, ನಿಧಾನವಾಗಿ ಸಾಗುವ ಪಂದ್ಯವನ್ನೂ ನಷ್ಟವೆಂದೇ ಎಣಿಸತೊಡಗುತ್ತಾನೆ. ಕೋಟೆಯನ್ನು ಕಾಯುವ, ಗಾಯಗೊಂಡ ಸಂಗಡಿಗನನ್ನು ಎಬ್ಬಿಸುವ ಕೆಲಸಕ್ಕಿಂತ ಅಂಕಗಳು ಬೇಗ ಬೀಳುವ ಕೆಲಸವೇ ಅವನಿಗೆ ಮುಖ್ಯವಾಗುತ್ತದೆ. ಕಾಲ್ ಆಫ್ ಡ್ಯೂಟಿಯ ಶಿಪ್‌ಮೆಂಟ್ ಎಂಬ ಕಂಟೇನರುಗಳ ಅಂಗಳವು ಕೆಲವೇ ಹೆಜ್ಜೆಗಳಲ್ಲಿ ದಾಟಿಬಿಡುವಷ್ಟು ಕಿರಿದು. ಸತ್ತವನು ಮತ್ತೆ ಹುಟ್ಟಿದ ಮರುಕ್ಷಣವೇ ಶತ್ರುವಿನ ಗುರಿಗೆ ಸಿಕ್ಕುವ ಆ ಗೊಂದಲದ ಕಣವು ಬಂದೂಕಿನ ಮಟ್ಟ ಏರಿಸಿಕೊಳ್ಳುವವರಿಗೆ ಅಚ್ಚುಮೆಚ್ಚಿನದಾದುದಕ್ಕೆ, ಅಲ್ಲಿ ಕ್ಷಣಕ್ಷಣಕ್ಕೂ ಅಂಕ ಬೀಳುವುದೇ ಕಾರಣ. ಬೂಸ್ಟ್ ಕೊಳ್ಳದವನೂ ಅಂಥ ಸಂಗಡಿಗನ ತಂಡದಲ್ಲಿ ಸಿಕ್ಕಿದಾಗ ಅದರ ಬೆಲೆಯನ್ನು ತೆರುತ್ತಾನೆ.

ನ್ಯಾಯದ ಪ್ರಶ್ನೆ

ಹಾಲೆಂಡಿನ ಇತಿಹಾಸಕಾರ ಯೋಹಾನ್ ಹೊಯಿಸಿಂಗಾ 1938ರ ತನ್ನ ಹೋಮೊ ಲೂಡೆನ್ಸ್ ಗ್ರಂಥದಲ್ಲಿ, ಆಟವೆಂಬುದು ನಿತ್ಯಜೀವನದಿಂದ ಬೇರೆಯಾಗಿ ತನ್ನದೇ ನಿಯಮಗಳಿಂದ ಆವೃತವಾದ ಒಂದು ವಲಯವೆಂದು ವಿವೇಚಿಸಿದನು. ಫ್ರಾನ್ಸಿನ ರೋಜೆ ಕೈವಾ 1958ರಲ್ಲಿ ಆಟಗಳನ್ನು ವರ್ಗೀಕರಿಸುವಾಗ, ಸ್ಪರ್ಧೆಯ ಆಟಗಳಲ್ಲಿ ಸಮಾನಾವಕಾಶವನ್ನು ಕೃತಕವಾಗಿಯಾದರೂ ನಿರ್ಮಿಸಬೇಕೆಂಬುದನ್ನು ಅವುಗಳ ಲಕ್ಷಣವಾಗಿ ಗುರುತಿಸಿದನು. ಹೊರಗಿನ ಲೋಕದಲ್ಲಿ ಧನಿಕನೂ ಬಡವನೂ ಸಮರಲ್ಲ. ಆದುದರಿಂದಲೇ ಅವರು ಸಮರಾಗಿ ನಿಲ್ಲಬಲ್ಲ ಒಂದು ಕಣವನ್ನು ಮನುಷ್ಯನು ಕಟ್ಟಿಕೊಂಡಿದ್ದಾನೆ. ಆ ಗೆರೆಯೊಳಕ್ಕೆ ಕಿಸೆಯ ಹಣವು ಪ್ರವೇಶಿಸಿತೆಂದರೆ ಸೋತವನಿಗೆ ತಾನು ಏಕೆ ಸೋತೆನೆಂಬುದು ತಿಳಿಯುವುದಿಲ್ಲ, ಗೆದ್ದವನಿಗೆ ತಾನು ಗೆದ್ದುದು ತನ್ನದೇ ಬಲದಿಂದಲೋ ಎಂಬ ಶಂಕೆ ಬಿಡುವುದಿಲ್ಲ, ಇಬ್ಬರಿಗೂ ನಷ್ಟವೇ.

ಬೂಸ್ಟನ್ನು ಸಮರ್ಥಿಸುವವರ ಮುಖ್ಯ ವಾದವು ಕಾಲಕ್ಕೆ ಸಂಬಂಧಿಸಿದುದು. ವಿದ್ಯಾರ್ಥಿಗೆ ದಿನಕ್ಕೆ ಆರು ಗಂಟೆ ಆಡುವ ಬಿಡುವು ಇರಬಹುದು. ನೌಕರಿ, ಮನೆ, ಮಕ್ಕಳನ್ನು ನೋಡಿಕೊಳ್ಳಬೇಕಾದವನಿಗೆ ವಾರಕ್ಕೆ ಮೂರು ಗಂಟೆ ಸಿಕ್ಕುವುದೂ ಕಷ್ಟ. ಮೊದಲನೆಯವನು ಬಿಡುವಿನಿಂದ ಪಡೆದುದನ್ನು ಎರಡನೆಯವನು ಹಣದಿಂದ ಪಡೆದರೆ ಅದು ಅನ್ಯಾಯದ ಪರಿಹಾರವೇ ಹೊರತು ಅನ್ಯಾಯವಲ್ಲವೆನ್ನುತ್ತಾರೆ. ಈ ವಾದದಲ್ಲಿ ತೂಕವಿದೆ; ಗಂಟೆಗಳನ್ನು ಸುರಿದುದಕ್ಕೇ ಮೇಲಾದ ಆಯುಧವನ್ನು ಕೊಡುವ ಪದ್ಧತಿಯು ತಾನೇ ಸಮಾನತೆಯನ್ನು ಕೆಡಿಸಿರುತ್ತದೆಂಬುದನ್ನು ಅದು ಸರಿಯಾಗಿ ತೋರಿಸಿಕೊಡುತ್ತದೆ. ಆದರೆ ಅದರಿಂದ ಹೊರಡಬೇಕಾದ ತೀರ್ಮಾನ ಬೇರೆ. ಆಯುಧಗಳು ಮೊದಲ ದಿನವೇ ಎಲ್ಲರಿಗೂ ತೆರೆದಿದ್ದರೆ ಆ ವಿದ್ಯಾರ್ಥಿಯೂ ಆ ನೌಕರನೂ ಹಣವನ್ನೇ ಖರ್ಚು ಮಾಡದೆ ಸಮರಾಗುತ್ತಿದ್ದರು. ದಾರಿಯನ್ನು ಉದ್ದ ಮಾಡಿದವನೇ ಅದನ್ನು ಮೊಟಕುಗೊಳಿಸುವ ಸಾಧನವನ್ನು ಮಾರುವಾಗ, ಆ ಉದ್ದವು ಆಟದ ಸೊಗಸಿಗೆ ಬೇಕಾದಷ್ಟೇ ಇದೆಯೋ ಮಾರಾಟಕ್ಕೆ ಬೇಕಾದಷ್ಟಿದೆಯೋ ಎಂಬುದನ್ನು ಹೊರಗಿನವರು ಪರೀಕ್ಷಿಸಲು ಉಪಾಯವಿಲ್ಲ. ಬೂಸ್ಟಿನ ಮಾರಾಟದಲ್ಲಿ ಅಡಗಿರುವ ನಿಜವಾದ ದೋಷವು ಈ ಹಿತಾಸಕ್ತಿಯ ಘರ್ಷಣೆಯೇ.

ಎರಡನೆಯ ಅಳತೆಗೋಲು, ದಾರಿಯ ಕೊನೆಯಲ್ಲಿರುವುದು ಏನೆಂಬುದು. ಗರಡಿಯಲ್ಲಿ ಒಬ್ಬನು ಹೆಚ್ಚು ಹಾಲುತುಪ್ಪ ಉಂಡು ಬಂದುದನ್ನಾಗಲಿ ಜರಿಯ ರುಮಾಲು ಸುತ್ತಿ ಬಂದುದನ್ನಾಗಲಿ ಯಾರೂ ಆಕ್ಷೇಪಿಸರು. ಅಖಾಡದೊಳಕ್ಕೆ ಅವನು ದೊಣ್ಣೆಯನ್ನು ತಂದರೆ ಆಕ್ಷೇಪಿಸದವರೂ ಇರರು. ಬ್ಯಾಟಲ್‌ಫೀಲ್ಡ್ 3 ಆಟದ ಯುದ್ಧವಿಮಾನಗಳು ಈ ಭೇದಕ್ಕೆ ಒಳ್ಳೆಯ ನಿದರ್ಶನ. ಮೊದಲ ಸಲ ವಿಮಾನವೇರಿದವನಿಗೆ ಫಿರಂಗಿಯೊಂದೇ ಗತಿ. ಶಾಖವನ್ನು ಅರಸಿ ಬೆನ್ನಟ್ಟುವ ಕ್ಷಿಪಣಿಯೂ, ಅಂಥ ಕ್ಷಿಪಣಿಯ ದಾರಿ ತಪ್ಪಿಸುವ ಫ್ಲೇರುಗಳೂ ವಿಮಾನದಲ್ಲಿಯೇ ಅಂಕ ಗಳಿಸಿದ ಮೇಲೆ ದೊರೆಯುವಂಥವು. ಅವೆರಡೂ ಉಳ್ಳ ಹಳಬನು ಹಿಂದಿನಿಂದ ಬಂದರೆ ಹೊಸಬನಿಗೆ ತಿರುಗೇಟಿನ ಕ್ಷಿಪಣಿಯೂ ಇಲ್ಲ, ರಕ್ಷಣೆಯೂ ಇಲ್ಲ. ಅಂಕ ಗಳಿಸಲು ಬದುಕಿರಬೇಕು, ಬದುಕಿರಲು ಅಂಕ ಗಳಿಸಿರಬೇಕು. ಇಂಥ ಇಕ್ಕಟ್ಟಿನಿಂದ ಹೊರಬರುವ ದಾರಿಯು ಅಂಗಡಿಯಲ್ಲಿ ಬೆಲೆಗೆ ದೊರೆಯುವುದಾದರೆ, ಅದನ್ನು ಅನುಕೂಲವೆನ್ನುವುದಕ್ಕಿಂತ ನಿರ್ಬಂಧದ ಬಿಡುಗಡೆಗೆ ತೆರುವ ಸುಂಕವೆನ್ನುವುದೇ ಯುಕ್ತ.

ಸಮಬಲದವರನ್ನೇ ಎದುರುಬದುರಾಗಿ ನಿಲ್ಲಿಸುವ ಮ್ಯಾಚ್‌ಮೇಕಿಂಗ್ ವ್ಯವಸ್ಥೆಯಿಂದ ಈ ಅಸಮತೆಯನ್ನು ಒಂದಿಷ್ಟು ತಗ್ಗಿಸಬಹುದು. ಆದರೆ ಆ ವ್ಯವಸ್ಥೆಯೂ ಮಾರುವವನ ಕೈಯಲ್ಲಿಯೇ ಇದೆ. ಆಟದೊಳಗಿನ ಖರೀದಿಗೆ ಪ್ರೇರಣೆಯಾಗುವಂತೆ ಎದುರಾಳಿಗಳನ್ನು ಜೋಡಿಸುವ ಒಂದು ವಿಧಾನಕ್ಕೆ ಆಕ್ಟಿವಿಷನ್ ಸಂಸ್ಥೆಗೆ 2017ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಅದನ್ನು ಯಾವ ಆಟದಲ್ಲಿಯೂ ಬಳಸಿಲ್ಲವೆಂದು ಸಂಸ್ಥೆಯು ತಿಳಿಸಿತಾದರೂ, ಅಂಥ ವಿಧಾನವು ಸಾಧ್ಯವೆಂಬ ಅರಿವೇ ಆಟಗಾರರ ನಂಬಿಕೆಯನ್ನು ಕದಡಲು ಸಾಕಾಯಿತು.

ಪ್ರಮುಖ ವಿವಾದಗಳು

ಇಂಥ ವಿವಾದಗಳಲ್ಲಿ ಮೊದಲಿನವುಗಳಲ್ಲೊಂದು ಬ್ಯಾಟಲ್‌ಫೀಲ್ಡ್ ಹೀರೋಸ್ ಎಂಬ ಉಚಿತ ಆಟದ್ದು. 2009ರಲ್ಲಿ ಹೊರಬಂದ ಆ ಆಟವು ಉಡಿಗೆತೊಡಿಗೆಗಳ ಮಾರಾಟವನ್ನೇ ಮುಖ್ಯವಾಗಿ ನೆಚ್ಚಿತ್ತು; ಆದರೆ ಅದೇ ವರ್ಷದ ಕೊನೆಗೆ ಬೆಲೆಗಳು ಬದಲಾಗಿ, ಹಣ ಕೊಡದವರಿಗೆ ಒಳ್ಳೆಯ ಆಯುಧಗಳನ್ನು ಉಳಿಸಿಕೊಳ್ಳುವುದು ಬಹಳ ದುಬಾರಿಯಾಯಿತು. ಮೇಲುಗೈಯನ್ನು ಮಾರುವುದಿಲ್ಲವೆಂಬ ಮಾತಿಗೆ ತಪ್ಪಲಾಯಿತೆಂದು ಆಟಗಾರರು ಪ್ರತಿಭಟಿಸಿದರು. ಆದಾಯವು ಮಾತ್ರ ಹೆಚ್ಚಿತು.

ಜಗತ್ತಿನ ಗಮನವನ್ನೇ ಸೆಳೆದ ವಿವಾದ 2017ರ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಆಟದ್ದು. ಇಎ ಸಂಸ್ಥೆಯ ಈ ಪೂರ್ಣ ಬೆಲೆಯ ಆಟದಲ್ಲಿ ಯೋಧನ ಶಕ್ತಿಯನ್ನು ಹೆಚ್ಚಿಸುವ ಸ್ಟಾರ್ ಕಾರ್ಡುಗಳನ್ನು ತೆರೆಯುವವರೆಗೆ ಒಳಗೇನಿದೆಯೆಂದು ತಿಳಿಯದ ಲೂಟ್ ಬಾಕ್ಸುಗಳಲ್ಲಿ ಇರಿಸಲಾಗಿತ್ತು. ಡಾರ್ತ್ ವೇಡರ್, ಲೂಕ್ ಸ್ಕೈವಾಕರ್‌ರಂಥ ಪ್ರಧಾನ ಪಾತ್ರಗಳಿಗೆ ಆಟದೊಳಗಿನ 60,000 ಕ್ರೆಡಿಟುಗಳನ್ನು ಗೊತ್ತುಮಾಡಲಾಗಿತ್ತು. ಒಂದು ಪಾತ್ರಕ್ಕೆ ಸುಮಾರು 40 ಗಂಟೆಗಳ ಆಟ ಬೇಕೆಂದು ಆಟಗಾರರು ಲೆಕ್ಕ ಹಾಕಿದರು. ಆಕ್ರೋಶವು ಹಬ್ಬುತ್ತಲೇ ಬೆಲೆಯನ್ನು ಶೇಕಡ 75ರಷ್ಟು ಇಳಿಸಿ 15,000ಕ್ಕೆ ತರಲಾಯಿತು. ನವೆಂಬರ್ 17ರ ಬಿಡುಗಡೆಗೆ ಕೆಲವೇ ಗಂಟೆಗಳ ಮುನ್ನ ಆಟದೊಳಗಿನ ಖರೀದಿಯನ್ನೇ ನಿಲ್ಲಿಸಲಾಯಿತು. 2018ರ ಮಾರ್ಚಿನಲ್ಲಿ ಸ್ಟಾರ್ ಕಾರ್ಡುಗಳು ಪೆಟ್ಟಿಗೆಗಳಿಂದ ಹೊರಬಂದು, ಆಡಿಯೇ ಗಳಿಸಬೇಕಾದುವಾದವು. ಮಾರಾಟಕ್ಕೆ ಉಳಿದವು ವೇಷಗಳು ಮಾತ್ರ.

ಅದೇ 2017ರ ನವೆಂಬರಿನಲ್ಲಿ ಬಂಜಿ ಸಂಸ್ಥೆಯ ಡೆಸ್ಟಿನಿ 2 ಆಟದಲ್ಲಿ ಮತ್ತೊಂದು ಸಂಗತಿ ಬೆಳಕಿಗೆ ಬಂದಿತು. ಕೆಲವು ಸಂದರ್ಭಗಳಲ್ಲಿ ತೆರೆಯ ಮೇಲೆ ಕಾಣುವಷ್ಟು ಎಕ್ಸ್‌ಪಿ ನಿಜವಾಗಿ ಜಮೆಯಾಗುತ್ತಿಲ್ಲವೆಂಬುದನ್ನು ಆಟಗಾರರೇ ಅಳೆದು ತೋರಿಸಿದರು. ಸಂಸ್ಥೆಯು ಇದನ್ನು ಒಪ್ಪಿ ಆ ಕ್ರಮವನ್ನು ತೆಗೆದುಹಾಕಿತು. ಆದರೆ ಅದರೊಡನೆಯೇ ಒಂದು ಮಟ್ಟಕ್ಕೆ ಬೇಕಾದ ಅಂಕಗಳನ್ನು 80,000ದಿಂದ 1,60,000ಕ್ಕೆ ಏರಿಸಿತು. ಆ ಮಟ್ಟಗಳಿಗೆ ಬಹುಮಾನವಾಗಿ ದೊರೆಯುತ್ತಿದ್ದ ಬ್ರೈಟ್ ಎನ್‌ಗ್ರಾಮ್ ಎಂಬ ಪೊಟ್ಟಣಗಳು ಅಂಗಡಿಯಲ್ಲಿ ಹಣಕ್ಕೂ ದೊರೆಯುತ್ತಿದ್ದವು. ದಾರಿಯ ಉದ್ದವನ್ನು ನಿರ್ಧರಿಸುವ ಅಧಿಕಾರ ಯಾರ ಕೈಯಲ್ಲಿದೆಯೆಂಬುದನ್ನು ಇದಕ್ಕಿಂತ ವಿಶದವಾಗಿ ತೋರಿಸುವ ಉದಾಹರಣೆ ವಿರಳ.

2021ರ ಹೇಲೋ ಇನ್ಫಿನಿಟ್ ಆಟದಲ್ಲಿ ಪ್ರಶ್ನೆಯು ಬೇರೆ ಬಗೆಯದಾಗಿತ್ತು. ಅಲ್ಲಿಯ ಬ್ಯಾಟಲ್ ಪಾಸಿನಲ್ಲಿದ್ದುದು ಅಲಂಕಾರಗಳು ಮಾತ್ರ. ಆಯುಧಗಳು ಎಲ್ಲರಿಗೂ ಒಂದೇ. ಆದರೂ ಪಂದ್ಯ ಆಡಿದುದಕ್ಕೆ ಅಂಕವನ್ನೇ ಕೊಡದೆ, ನಿರ್ದಿಷ್ಟ ಸವಾಲುಗಳನ್ನು ಪೂರೈಸಿದಾಗ ಮಾತ್ರ ಕೊಡುತ್ತಿದ್ದುದರಿಂದ ಮುನ್ನಡೆಯು ತೀರ ನಿಧಾನವಾಗಿ, ಬೂಸ್ಟುಗಳು ಮಾರಾಟಕ್ಕಿದ್ದುದು ಎದ್ದುಕಂಡಿತು. ಟೀಕೆಯ ಫಲವಾಗಿ ಪಂದ್ಯ ಆಡಿದುದಕ್ಕೂ ಅಂಕ ಬರುವಂತಾಗಿ, ಬೂಸ್ಟಿನ ಅವಧಿ ಅರ್ಧ ಗಂಟೆಯಿಂದ ಒಂದು ಗಂಟೆಗೆ ಏರಿತು. ಸ್ಪರ್ಧೆಯು ಕೆಡದಿದ್ದರೂ ಆಟಗಾರನ ಕಾಲಕ್ಕೆ ಸಲ್ಲಬೇಕಾದ ಗೌರವದ ಪ್ರಶ್ನೆಯು ಪ್ರತ್ಯೇಕವಾಗಿ ಉಳಿಯುತ್ತದೆಂಬುದನ್ನು ಇದು ತಿಳಿಸುತ್ತದೆ.

2022ರ ಓವರ್‌ವಾಚ್ 2 ಆಟದಲ್ಲಿ ಕಿರಿಕೊ ಎಂಬ ಹೊಸ ಪಾತ್ರವು ಹಣದ ಪಾಸು ಕೊಂಡವರಿಗೆ ಕೂಡಲೇ ದೊರೆತರೆ, ಹೊಸದಾಗಿ ಸೇರಿದ ಉಳಿದವರು 55ನೆಯ ಮಟ್ಟದವರೆಗೆ ಆಡಬೇಕಾಗಿತ್ತು. ಹಣದ ಪಾಸಿನಲ್ಲಿ ಶೇಕಡ 20ರ ಎಕ್ಸ್‌ಪಿ ಬೂಸ್ಟೂ ಸೇರಿತ್ತು. ಎದುರಾಳಿಗೆ ತಕ್ಕಂತೆ ಪಾತ್ರವನ್ನು ಬದಲಿಸುವುದೇ ಜೀವಾಳವಾದ ಆಟದಲ್ಲಿ ಪಾತ್ರವಿಲ್ಲದವನು ಉತ್ತರವಿಲ್ಲದವನಾಗುತ್ತಾನೆ. 2024ರ ಏಪ್ರಿಲಿನಲ್ಲಿ ಎಲ್ಲ ಪಾತ್ರಗಳನ್ನೂ ಎಲ್ಲರಿಗೂ ತೆರೆದು ಈ ಭೇದವನ್ನು ಅಳಿಸಲಾಯಿತು.

ಪರಿಹಾರದ ಮಾರ್ಗಗಳು ಮತ್ತು ಕಾನೂನು

ನ್ಯಾಯಕ್ಕೆ ಕುಂದಿಲ್ಲದಂತೆ ಆದಾಯ ಪಡೆಯುವುದು ಸಾಧ್ಯವೆಂಬುದಕ್ಕೆ ಪ್ರತ್ಯಕ್ಷ ನಿದರ್ಶನಗಳಿವೆ. ಕೌಂಟರ್-ಸ್ಟ್ರೈಕ್ 2013ರಿಂದ ಬಂದೂಕಿನ ಮೇಲಿನ ಬಣ್ಣಗಾರಿಕೆಯ ಸ್ಕಿನ್‌ಗಳಿಂದ ಅಪಾರವಾಗಿ ಗಳಿಸಿದೆ. ಸ್ಕಿನ್ ಎಷ್ಟೇ ದುಬಾರಿಯಾದರೂ ಗುಂಡಿನ ಪೆಟ್ಟು ಒಂದೇ. ಆದರೂ ಅವು ದೊರೆಯುವ ಪೆಟ್ಟಿಗೆಗಳು ಅದೃಷ್ಟದಾಟವೆಂಬ ಬೇರೊಂದು ದೂರಿಗೆ ಗುರಿಯಾಗಿವೆ. ಹಿಂದೆ ನಿಜವಾದ ಹಣಕ್ಕೆ ಮಾತ್ರ ದೊರೆಯುತ್ತಿದ್ದ ಮೇಲ್ತರದ ಮದ್ದುಗುಂಡುಗಳನ್ನು ಆಟದ ಹಣಕ್ಕೂ ದೊರೆಯುವಂತೆ ಮಾಡಿದ ವರ್ಲ್ಡ್ ಆಫ್ ಟ್ಯಾಂಕ್ಸ್ ಆಟದ ಒಡೆಯರಾದ ವಾರ್‌ಗೇಮಿಂಗ್ ಸಂಸ್ಥೆಯವರು, ಯುದ್ಧದಲ್ಲಿ ಮೇಲುಗೈ ಕೊಡುವ ವಸ್ತುಗಳನ್ನು ಹಣಕ್ಕೇ ಮೀಸಲಿಡುವುದಿಲ್ಲವೆಂಬ ನೀತಿಯನ್ನು 2013ರಲ್ಲಿ ಸಾರಿದರು. ಚಂದಾದ ಶೇಕಡ 50ರ ವೇಗವು ಹಾಗೆಯೇ ಉಳಿಯಿತು. 2020ರ ವ್ಯಾಲರಂಟ್‌ನಲ್ಲಿ ಬಂದೂಕುಗಳೆಲ್ಲ ಎಲ್ಲರಿಗೂ ಸಮಾನ. ಕಾಯಬೇಕಾದುದು ಏಜೆಂಟರೆಂಬ ಪಾತ್ರಗಳಿಗೆ ಮಾತ್ರ.

ಶಾಸನಗಳು ಈ ವಿಷಯವನ್ನು ಪಾರ್ಶ್ವದಿಂದ ಮಾತ್ರ ಮುಟ್ಟಿವೆ. 2018ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ಜೂಜು ನಿಯಂತ್ರಣ ಆಯೋಗವು ಓವರ್‌ವಾಚ್, ಕೌಂಟರ್-ಸ್ಟ್ರೈಕ್ ಮೊದಲಾದವುಗಳ ಲೂಟ್ ಬಾಕ್ಸುಗಳನ್ನು ಜೂಜೆಂದು ಪರಿಗಣಿಸಿತು. ಆದರೆ ಬಿಡಿಯಾಗಿ ಮಾರುವ ಬೂಸ್ಟಿನಲ್ಲಿ ಅದೃಷ್ಟದ ಅಂಶವಿಲ್ಲ. ಕೊಂಡವನಿಗೆ ಏನು ದೊರೆಯುವುದೆಂಬುದು ಮೊದಲೇ ಗೊತ್ತು. ಆದಕಾರಣ ಜೂಜಿನ ಕಾನೂನು ಅದನ್ನು ತಡೆಯಲಾರದು. ಸ್ಪರ್ಧೆಗೆ ಅದರಿಂದ ಆಗುವ ಹಾನಿಯು ಲೂಟ್ ಬಾಕ್ಸಿನ ಹಾನಿಗೆ ಸಮನಾಗಿರುವಲ್ಲಿಯೂ ತಡೆಯಲಾರದು.

ಭಾರತದಲ್ಲಿ 2021ರಲ್ಲಿ ಹೊರಬಂದ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಎಂದರೆ ಬಿಜಿಎಂಐ, ಹಳೆಯ ಸಮಾನಾಯುಧದ ಮಾರ್ಗಕ್ಕೆ ಹತ್ತಿರವಾದುದು: ಪ್ಯಾರಾಚೂಟಿನಿಂದ ಇಳಿದ ಪ್ರತಿಯೊಬ್ಬನೂ ಬರಿಗೈಯವನೇ, ಬಂದೂಕನ್ನು ನೆಲದಿಂದ ಆಯ್ದುಕೊಳ್ಳಬೇಕು, ರಾಯಲ್ ಪಾಸಿನಿಂದ ದೊರೆಯುವುದು ಮುಖ್ಯವಾಗಿ ವೇಷ ಮತ್ತು ಅಲಂಕಾರ. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿ, 2022ರ ಫೆಬ್ರವರಿಯಲ್ಲಿ ಅದರ ಮುಖ್ಯಾಂಶಗಳನ್ನು ರದ್ದುಪಡಿಸಿದ ಹೈಕೋರ್ಟಿನ ತೀರ್ಪು, ಕೇಂದ್ರವು 2025ರಲ್ಲಿ ಮಾಡಿದ ಆನ್‌ಲೈನ್ ಗೇಮಿಂಗ್ ಶಾಸನ, ಇವೆಲ್ಲವೂ ಮುಖ್ಯವಾಗಿ ಹಣ ಗೆಲ್ಲುವ ಆಸೆಯಿಂದ ಹಣ ಒಡ್ಡುವ ಆಟಗಳನ್ನು ಕುರಿತವು. ವೇಗವನ್ನು ಕೊಳ್ಳುವ ವ್ಯವಹಾರವು ಅವುಗಳ ಲಕ್ಷ್ಯವಲ್ಲ.

ಮೌಲ್ಯನಿರ್ಣಯ

ಮೇಲಿನ ಪ್ರಸಂಗಗಳನ್ನು ಒಟ್ಟಾಗಿ ನೋಡಿದರೆ, ಬೂಸ್ಟನ್ನು ನಿಷೇಧಿಸಿದ ಮಾತ್ರಕ್ಕೆ ನ್ಯಾಯವು ನೆಲೆಗೊಳ್ಳದೆಂಬುದು ಸ್ಪಷ್ಟವಾಗುತ್ತದೆ. ಆಯುಧಗಳನ್ನು ಬೀಗದಲ್ಲಿಟ್ಟು ಬೂಸ್ಟನ್ನು ಮಾತ್ರ ತೆಗೆದರೆ ಹಣವಂತನ ಮೇಲುಗೈ ಹೋಗಿ ಬಿಡುವುಳ್ಳವನ ಮೇಲುಗೈ ಉಳಿಯುತ್ತದೆ. ಹೊಸಬನ ಪಾಡು ಬದಲಾಗುವುದಿಲ್ಲ. ಪಂದ್ಯದ ಫಲವನ್ನು ಬದಲಿಸಬಲ್ಲ ಬಂದೂಕು, ಉಪಕರಣ, ಪಾತ್ರಗಳೆಲ್ಲವನ್ನೂ ಮೊದಲ ಗಂಟೆಯಿಂದಲೇ ಎಲ್ಲರಿಗೂ ಸಮವಾಗಿ ಕೊಟ್ಟು, ಎಕ್ಸ್‌ಪಿಯ ದಾರಿಯನ್ನು ಬಿರುದುಬಾವಲಿಗಳಿಗೂ ವೇಷಗಳಿಗೂ ಮೀಸಲಿಟ್ಟರೆ, ಆಗ ಬೂಸ್ಟನ್ನು ಕೊಳ್ಳುವವನು ಕೊಳ್ಳಲಿ, ಬಿಡುವವನು ಬಿಡಲಿ. ಯಾರ ಗುಂಡಿಗೂ ಯಾರೂ ಅನ್ಯಾಯವಾಗಿ ಬಲಿಯಾಗುವುದಿಲ್ಲ. ಹಾಗೆ ಮಾಡಿಯೂ ದೊಡ್ಡ ಆಟಗಳು ಬಾಳಿವೆ, ಲಾಭ ಗಳಿಸಿವೆ. ಮಾಡದವುಗಳಲ್ಲಿ ಕೆಲವು ಜನರ ಕೋಪಕ್ಕೆ ಗುರಿಯಾದ ಮೇಲೆ ಅದೇ ಕ್ರಮಕ್ಕೆ ಬಂದಿವೆ. ಗುರಿಯನ್ನೂ ತಾಳ್ಮೆಯನ್ನೂ ಸಂಗಡಿಗರೊಡನೆ ಹೊಂದಿಕೊಂಡು ಹೋರುವ ವಿವೇಕವನ್ನೂ ಯಾವ ಅಂಗಡಿಯೂ ಮಾರಲಾರದು. ಗೆಲುವನ್ನು ಅವುಗಳಿಗೇ ಬಿಟ್ಟುಕೊಟ್ಟ ಆಟವನ್ನು ಮಾತ್ರ ಸ್ಪರ್ಧೆಯೆಂದು ಕರೆಯಲು ಸಾಧ್ಯ.